ಕಿರುಬೆರಳಿಲ್ಲದ ಚಿತ್ರ

ಒಂಬತ್ತು ಸಾವಿರ ರಿಂಗಿಟ್ ಕೊಟ್ಟೆ. ಕೇಳಿದ್ದು ಹದಿನೈದು. ಅಷ್ಟು ಇಳಿದದ್ದು ಒಂದು ಬೆರಳಿನ ದೆಸೆಯಿಂದ. ದೆವ್ವ, ಪವಾಡ ಅಂದವರನ್ನು ನಾನು ನಗಾಡಿ ಕಳಿಸುತ್ತಿದ್ದವನು. ಊರು ಬಿಟ್ಟು ಹೊರದೇಶದ ಈ ಪೆಟಾಲಿಂಗ್ ಜಯಾದಲ್ಲಿ ಹಳೇ ಸಾಮಾನಿನ ಅಂಗಡಿಯನ್ನು ಬರಿಗೈಯಲ್ಲಿ ಕಟ್ಟಿದವನಿಗೆ ಅದಕ್ಕೆಲ್ಲ ಪುರುಸೊತ್ತೂ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಇಲ್ಲೇ ಹತ್ತಿರದ ಬಾಂಗ್ಸಾರ್ ಬಡಾವಣೆಯ ಲೀನಾ ಬಾಯಿ, ಮೂಲತಃ ಮಂಗಳೂರಿನವರು, ತೀರಿಹೋದ ಗಂಡ ಕೊಂಡಿದ್ದ ಚಿತ್ರವೊಂದನ್ನು ಮಾರಲು ಕರೆದರು. ಓಕ್ ಹಲಗೆಯ ಮೇಲೆ ಬಿಳಿ ಮುಸುಕಿನ ಹೆಂಗಸು, ಚೌಕಟ್ಟಿನ ಅಂಚಿಗೆ ಊರಿದ ಕೈ. ಐನೂರು ವರ್ಷ ಹಿಂದಿನ ನೆದರ್ಲೆಂಡ್ಸ್ ಕಡೆಯದು ಎಂದು ಗಂಡ ಹೇಳುತ್ತಿದ್ದರಂತೆ. ಕೊಳ್ಳುವ ಮೊದಲು ಹುಳುಕು ಹೇಳುವುದು ನಮ್ಮ ಕಸುಬಿನ ಪದ್ಧತಿ. "ಕೈ ನೋಡಿ ಲೀನಾ ಬಾಯಿ, ಕಿರುಬೆರಳೇ ಇಲ್ಲ. ಎಂಥ ಕಲಾವಿದನ್ರೀ ಇವನು?" ಎಂದೆ.

ಅವರು ಕನ್ನಡಕ ಹಾಕಿ ಎಣಿಸಿದರು. "ಹೌದು ಮಾರಾಯ್ರೆ, ನಾಲ್ಕೇ ಉಂಟು! ನಮ್ಮವರು ಇದನ್ನೇ ದಿನಾ ನೋಡ್ತಾ ಕೂತದ್ದಾ?" ಬೆಲೆ ಇಳಿಯಿತು. ಮೊಬೈಲಿನಲ್ಲಿ ಫೋಟೊ ತೆಗೆದು, ಚಿತ್ರವನ್ನು ಅಂಗಡಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಮಾಂಟ್ ಕಿಯಾರಾ ಬಡಾವಣೆಯಲ್ಲಿರುವ ಯುರೋಪಿನ ತಜ್ಞನೊಬ್ಬ ಆ ಫೋಟೊ ನೋಡಿ ಕುಣಿದಾಡಿದ. ಹಲಗೆಯನ್ನು ಕಣ್ಣಾರೆ ನೋಡಿದ ಮೇಲೆ, ಯಾವ ಮಹಾನ್ ಕಲಾವಿದನ ಕೈಯದೆಂದು ಬರೆದುಕೊಡುತ್ತೇನೆ ಎಂದ. ಆ ಒಂದು ಕಾಗದವಿಲ್ಲದೆ ಇಂಥ ಚಿತ್ರ ಬರಿಯ ಮರದ ತುಂಡು. ವಾರದ ನಂತರ, ಮಟಮಟ ಮಧ್ಯಾಹ್ನ, ಅವನೆದುರಿಗೇ ಬೀಗ ತೆಗೆದೆ.

ಐದು ಬೆರಳಿದ್ದವು.

ಅವನು ಭೂತಗನ್ನಡಿ ಹಿಡಿದ. ಬಣ್ಣದ ಹಳೆಯ ಬಿರುಕುಗಳು ಪಕ್ಕದ ಬೆರಳಿನಿಂದ ಕಿರುಬೆರಳಿಗೂ ಒಂದೇ ಸಮನೆ ಹಬ್ಬಿದ್ದವು; ಅಂದರೆ ಆ ಬೆರಳೂ ಚಿತ್ರದಷ್ಟೇ ಹಳೆಯದು. ಆದರೂ, "ಈ ಬೆರಳು ಯಾರ ಹತ್ತಿರ ಬರೆಸಿದೆ?" ಎಂದು ನನ್ನನ್ನೇ ಕೇಳಿದ! ಹಾಗಾದರೆ ಈ ಬಿರುಕು ಎಲ್ಲಿಂದ ಬಂತು ಎಂದರೆ ಭೂತಗನ್ನಡಿ ಜೇಬಿಗಿಳಿಸಿದ; ಕಾಗದ ಬರೆದುಕೊಡಲಿಲ್ಲ. ಲೀನಾ ಬಾಯಿಯನ್ನು ಕರೆಸಿದೆ. ತಾವೇ ನಾಲ್ಕು ಎಣಿಸಿದ್ದಾಗಿ ಅವರು ಕೊರಳಿನ ಶಿಲುಬೆ ಮುಟ್ಟಿ ಹೇಳಿದರೂ ಆ ಮಹಾಶಯ ಕೇಳಲಿಲ್ಲ. ನಾನು ಚಿತ್ರ ತಿದ್ದಿಸಿ ಮಾರುವವನೆಂದು ಊರೆಲ್ಲ ಸಾರಿದ. ಇಪ್ಪತ್ತು ವರ್ಷ ಬೆವರು ಸುರಿಸಿ ಗಳಿಸಿದ ಹೆಸರು! ಈಗಲೂ ನೆನೆದರೆ ಮೈ ಉರಿಯುತ್ತದೆ.

"ನೀವು ಬೈದ್ರಿ, ಚಿತ್ರದವಳು ಸರಿ ಮಾಡ್ಕೊಂಡ್ಳು ಲಾ" ಎಂದು ಹೆಂಡತಿ ಇಲ್ಲಿಯವರಂತೆ 'ಲಾ' ಸೇರಿಸಿ ನಗುತ್ತಾಳೆ. ನನಗೆ ನಗು ಬರುವುದಿಲ್ಲ. ಫೋಟೊದಲ್ಲಿ ಇಂದಿಗೂ ನಾಲ್ಕು, ಹಲಗೆಯ ಮೇಲೆ ಐದು. ಹೇಗೆಂದು ನನಗೆ ಗೊತ್ತಿಲ್ಲ.

ನೀವು ಹಳೆಯ ಚಿತ್ರ ಕೊಳ್ಳುವವರಾದರೆ, ತಜ್ಞನನ್ನು ಮಾರುವವರ ಮನೆಗೇ ಕರೆದೊಯ್ಯಿರಿ. ಕಂಡದ್ದನ್ನು ಅಲ್ಲೇ ಬರೆಸಿಕೊಳ್ಳಿ. ಬೆಲೆ ಇಳಿಸಬೇಕೆಂದರೆ ನಿಮ್ಮ ಬಡತನ ಹೇಳಿಕೊಳ್ಳಿ. ಚಿತ್ರದ ಎದುರು ಅದರ ಹುಳುಕು ಎತ್ತಬೇಡಿ.