ಮ್ಯಾಕ್ಸಿಮ್ ಅವರ ಸೊಂಟದ ಗುಂಡು

ಕಾರ್ಕಳದ ಮ್ಯಾಕ್ಸಿಮ್ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವರು. ಗಲ್ಫಿನಲ್ಲಿ ಕೆಲಸಕ್ಕಿದ್ದಾಗ ಬಲಸೊಂಟದ ಕೀಲು ಹಾಳಾಗಿ, ಅಲ್ಲಿಯೇ ಬದಲಾಯಿಸಿಕೊಂಡಿದ್ದರು. ಲೋಹದ ಬಟ್ಟಲೊಳಗೆ ತಿರುಗುವ ಲೋಹದ ಗುಂಡು. ಊರಿಗೆ ಬಂದ ಮೇಲೆ ಆ ಕಾಲಲ್ಲೇ ದಿಬ್ಬಣದ ಮುಂದೆ ನಡೆದರು, ಕುಣಿದರು. "ನಾನು ಸತ್ತರೂ ಇದು ಸವೆಯುವುದಿಲ್ಲ" ಎಂದು ತೊಡೆ ತಟ್ಟಿ ಹೇಳುತ್ತಿದ್ದರು.

ಕಿವಿ ಮಂದವಾದಾಗ ಟ್ರಂಪೆಟ್ಟನ್ನೇ ದೂರಿದರು. ಕಾಪುವಿನ ಒಂದು ಮದುವೆಯಲ್ಲಿ ಉಳಿದವರು ಹಾಡು ಮುಗಿಸಿದ ಮೇಲೂ ಇವರೊಬ್ಬರೇ ಊದುತ್ತಿದ್ದರು. ಜನ ನಕ್ಕರು. ಹೆಂಡತಿ ಶಾರ್ಲೆಟ್ ನಗಲಿಲ್ಲ. ಗಂಡನ ಬೆರಳು ನಡುಗುವುದನ್ನೂ ಅವಳು ಕಂಡಿದ್ದಳು. ಮರುದಿನವೇ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಕಿವಿಯ ಡಾಕ್ಟರರು ಹಳೆಯ ಆಪರೇಷನ್ ಬಗ್ಗೆ ಕೇಳಿದರು. ಸೊಂಟದ ಸುದ್ದಿ ತಿಳಿದದ್ದೇ ರಕ್ತ ಪರೀಕ್ಷೆ ಮಾಡಿಸಿ, ಮೂಳೆಯ ಡಾಕ್ಟರ್ ನವ್ಯಶ್ರೀ ಬಳಿಗೆ ಕಳಿಸಿದರು.

ನವ್ಯಶ್ರೀ ಮ್ಯಾಕ್ಸಿಮ್ ಕಿವಿಯ ಬಳಿ ಬಾಗಿ ಜೋರಾಗಿ ಹೇಳಿದರು: "ಲೋಹಕ್ಕೆ ಲೋಹ ಉಜ್ಜಿ ಕಣ್ಣಿಗೆ ಕಾಣದ ಪುಡಿ ಬಿದ್ದಿದೆ. ಅದರಲ್ಲಿರುವ ಕೋಬಾಲ್ಟ್ ಎಂಬ ಲೋಹ ನಿಮ್ಮ ರಕ್ತದಲ್ಲಿ ಬಹಳ ಉಂಟು. ಕಿವಿಗೆ, ನರಕ್ಕೆ ಅದೇ ವಿಷ ಆಗಿರಬೇಕು."

ಮ್ಯಾಕ್ಸಿಮ್ ತೊಡೆ ತಟ್ಟಿ ನೋಡಿಕೊಂಡರು. "ನೋವೇ ಇಲ್ಲವಲ್ಲ ಡಾಕ್ಟ್ರೇ!"

"ಕೆಲವರಿಗೆ ನೋವು ಬರುವುದೇ ಇಲ್ಲ. ಬದಲಾಯಿಸಲೇಬೇಕು."

"ಮತ್ತೆ ಎಂತದ್ದು ಹಾಕುವುದು?"

"ಗುಂಡು, ಬಟ್ಟಲು ಎರಡೂ ಪಿಂಗಾಣಿಯಂಥ ಸೆರಾಮಿಕ್ ಆದರೆ ಸವೆತ ತೀರಾ ಕಡಿಮೆ. ಆದರೆ ಕೆಲವರಿಗೆ ನಡೆಯುವಾಗ ಕಿರ್ರೆನ್ನುತ್ತದೆ, ಅಪರೂಪಕ್ಕೆ ಒಡೆಯುವುದೂ ಉಂಟು. ಸೆರಾಮಿಕ್ ಗುಂಡಿಗೆ ಪ್ಲಾಸ್ಟಿಕ್ ಬಟ್ಟಲು ಹಾಕಿದರೆ ಸದ್ದಿಲ್ಲ. ನಿಧಾನವಾಗಿ ಸವೆಯುತ್ತದೆ, ಆದರೆ ಈಗಿನ ಪ್ಲಾಸ್ಟಿಕ್ ಮೊದಲಿನದ್ದರಷ್ಟು ಬೇಗ ಸವೆಯುವುದಿಲ್ಲ."

"ಪ್ಲಾಸ್ಟಿಕ್ಕಾ?" ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಉಕ್ಕಿನಂಥದ್ದೇ ಕೈಕೊಟ್ಟಿತು, ಬಕೆಟಿನದ್ದು ನಿಲ್ಲುತ್ತದಾ?"

"ಬಕೆಟಿನದ್ದಲ್ಲ ಮಾರಾಯ್ರೇ" ಎಂದು ನವ್ಯಶ್ರೀ ನಕ್ಕರು. ಕೊನೆಗೆ ಶಾರ್ಲೆಟ್ ಕೈ ಹಿಡಿದು ಕೂರಿಸಿ, ಆ ಪ್ಲಾಸ್ಟಿಕ್ ಬಟ್ಟಲಿಗೇ ಒಪ್ಪಿಸಿದಳು.

ಆಪರೇಷನ್ ಆದ ಮೇಲೆ, ಗುಂಡಿನ ಸುತ್ತಲ ಮಾಂಸ ಮಸಿಯಂತೆ ಕಪ್ಪಾಗಿತ್ತು ಎಂದು ತಿಳಿಯಿತು. ತೆಗೆದ ಗುಂಡನ್ನು ನೋಡಬೇಕೆಂದು ಮ್ಯಾಕ್ಸಿಮ್ ಹಟ ಹಿಡಿದರು. ಡಬ್ಬಿಯೊಳಗೆ ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ಕಣ್ಣಿಗೆ ಒಂದು ಗೀರೂ ಕಾಣಲಿಲ್ಲ. ಊಟದ ತಟ್ಟೆ ಬಂದರೂ ಮುಟ್ಟಲಿಲ್ಲ, ಡಬ್ಬಿಯನ್ನೇ ದಿಟ್ಟಿಸುತ್ತಾ ಕುಳಿತರು.

ತಿಂಗಳುಗಳು ಕಳೆದಂತೆ ಬೆರಳಿನ ನಡುಕ ನಿಂತಿತು. ಬಲಗಿವಿ ಅರ್ಧ ಮರಳಿತು. ಎಡಗಿವಿ ಮರಳಲೇ ಇಲ್ಲ. ಈಗಲೂ ದಿಬ್ಬಣಗಳಿಗೆ ಹೋಗುತ್ತಾರೆ, ಬಲಗಿವಿಯನ್ನು ಡ್ರಮ್ಮಿನ ಕಡೆಗಿಟ್ಟು ಊದುತ್ತಾರೆ.