ಮೊದಲು ಸುಮ್ಮನೆ ನೋಡು

ನಮ್ಮಕ್ಕನಿಗೆ ಯಾವುದನ್ನೂ ಸುಲಭಕ್ಕೆ ನಂಬುವ ಜಾಯಮಾನವಿಲ್ಲ. ಹಾಲು ಕೆಟ್ಟಿಲ್ಲವೆಂದು ಅಮ್ಮ ಆಣೆ ಮಾಡಿದರೂ ಮೂಸಿ ನೋಡಿಯೇ ಕುಡಿಯುತ್ತಿದ್ದಳು. ಅಂಥವಳಿಗೆ ಪ್ರಯೋಗಾಲಯದ ಕೆಲಸ ಹೇಳಿ ಮಾಡಿಸಿದಂತಿತ್ತು. ಇಲಿಮರಿಯ ಮಿದುಳನ್ನು ಕಾಗದದಷ್ಟು ತೆಳ್ಳಗೆ ಕೊಯ್ದು, ಗಾಜಿನ ತಟ್ಟೆಯಲ್ಲಿ ಬೆಚ್ಚಗಿಟ್ಟು, ಗುಲಾಬಿ ಬಣ್ಣದ ಪೋಷಕ ದ್ರವ ಬದಲಿಸುತ್ತ ವಾರಗಟ್ಟಲೆ ಬದುಕಿಸಿಡಬೇಕು. ಆಮೇಲೆ ಅದಕ್ಕೊಂದು ಬಣ್ಣ ಕುಡಿಸಿ, ಸೂಕ್ಷ್ಮದರ್ಶಕದಡಿ ನೀಲಿ ಬೆಳಕು ಬಿಟ್ಟರೆ, ನರಕೋಶ ಚುರುಕಾದಾಗಲೆಲ್ಲ ಅಲ್ಲೊಂದು ಚುಕ್ಕಿ ಮಿನುಗುತ್ತದೆ. ಕ್ಯಾಮೆರಾ ಅದನ್ನು ಹಿಡಿದಿಡುತ್ತದೆ.

ಭಾವ ಮನೆಗಳಿಗೆ ಬಣ್ಣ ಬಳಿಯುವವರು. "ನಾನು ಗೋಡೆಗೆ ಬಣ್ಣ ಹೊಡೀತೀನಿ, ಇವಳು ಇಲಿ ತಲೆಗೆ ಹೊಡೀತಾಳೆ. ಸಂಬಳ ಮಾತ್ರ ಇವಳಿಗೇ ಜಾಸ್ತಿ" ಎಂದು ಬಂದವರ ಮುಂದೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಕ್ಕ ತಟ್ಟೆಗೆ ಸಣ್ಣಗೆ ವಿದ್ಯುತ್ತು ಹಾಯಿಸಿ, ಚುಕ್ಕಿಗಳೆಲ್ಲ ಒಟ್ಟಿಗೆ ಮಿನುಗಿದ್ದು ಕಂಡು ಕುಣಿದಾಡಿದ್ದಳಂತೆ. ಪ್ರೊಫೆಸರರು ತಣ್ಣೀರೆರಚಿದರು. "ಮೊದ್ಲು ಏನೂ ಮಾಡದೆ ಸುಮ್ನೆ ನೋಡಮ್ಮ." ನೋಡಿದರೆ, ಮುಟ್ಟದಿದ್ದರೂ ಅವು ಹಾಗೆಯೇ ಮಿನುಗುತ್ತಿದ್ದವು! ಕಣ್ಣು ಕಿವಿಗಳಿಂದ ಸುದ್ದಿ ಬಾರದ ಕೋಶಗಳು ತಮ್ಮಷ್ಟಕ್ಕೆ ತಾವೇ ಒಟ್ಟಾಗಿ ಮಿನುಗತೊಡಗುತ್ತವಂತೆ. ಅದು ಯಾರಿಗೂ ಕೊಟ್ಟ ಉತ್ತರವಲ್ಲ. ಅಂದಿನಿಂದ ಅವಳ ಪ್ರತಿ ಪ್ರಯೋಗವೂ ಸುಮ್ಮನೆ ನೋಡುವುದರಿಂದಲೇ ಶುರುವಾಗುತ್ತಿತ್ತು.

ಹೋದ ವರ್ಷ ಭಾವ ಏಣಿಯಿಂದ ಬಿದ್ದರು. ತಲೆಗೆ ಪೆಟ್ಟಾಯಿತು. ಜೀವ ಉಳಿಯಿತು, ಎಚ್ಚರ ಬರಲಿಲ್ಲ. ಅಕ್ಕನ ಅತ್ತೆ ಆಸ್ಪತ್ರೆಯ ಮಂಚದ ಪಕ್ಕ ಮಗನ ಕೈ ಹಿಡಿದು ಕೂತವರು ಊಟಕ್ಕೂ ಏಳುತ್ತಿರಲಿಲ್ಲ. ಅಕ್ಕ ಕೆಲಸ ಮುಗಿಸಿ ನೇರ ಅಲ್ಲಿಗೇ ಬಂದು, ಗಂಡನ ಕಿವಿಯ ಬಳಿ ಬಗ್ಗಿ, "ರೀ, ಬಂದೆ" ಎಂದು ದಿನದ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ನಾನು ಎದುರಿಗಿದ್ದರೂ ನನ್ನ ಮೇಲೆ ಚಾಡಿ ಹೇಳುತ್ತಿದ್ದಳು. ಅವಳು ನಂಬಿದ್ದು ಅದೊಂದನ್ನೇ, ಅವರಿಗೆ ಕೇಳಿಸುತ್ತದೆ ಎಂಬುದನ್ನು.

ಒಂದು ಮಧ್ಯಾಹ್ನ ಅತ್ತೆ ಅಕ್ಕನಿಗೆ ಫೋನ್ ಮಾಡಿದರು. "ಬೆರಳು ಅಲ್ಲಾಡಿಸ್ದ ಕಣೇ! ಮಗಾ ಅಂದೆ, ಅಲ್ಲಾಡಿಸ್ದ!"

ಅಕ್ಕ ಕೈಗವಸು ಕೂಡ ಬಿಚ್ಚದೆ ಓಡಿಬಂದಳು. ಅವಳಿಂದ ಸುದ್ದಿ ತಿಳಿದು ನಾನೂ ಓಡಿದೆ. ಅತ್ತೆ ಮತ್ತೆ ಕರೆದರು, ಬೆರಳು ಅಲ್ಲಾಡಿತು. ನನಗಂತೂ ಹೋದ ಜೀವ ಬಂದಂತಾಯಿತು. ಅಕ್ಕ ಒಂದು ಹೆಜ್ಜೆ ಮುಂದಿಟ್ಟವಳು ಹಾಗೆಯೇ ನಿಂತಳು.

"ಅತ್ತೆ, ಸ್ವಲ್ಪ ಹೊತ್ತು ಯಾರೂ ಮಾತಾಡ್ಬೇಡಿ."

ನನಗೆ ಮೈಯೆಲ್ಲ ಉರಿಯಿತು. ಇಲ್ಲೂ ಅವಳ ಇಲಿ ವಿದ್ಯೆ ಬೇಕಿತ್ತೇ? ಮೂವರೂ ತುಟಿ ಬಿಚ್ಚದೆ ನಿಂತೆವು. ಬೆರಳು ಅಲ್ಲಾಡಿತು. ತುಸು ಬಿಟ್ಟು ಮತ್ತೆ ಅಲ್ಲಾಡಿತು. ಯಾರೂ ಕರೆದಿರಲಿಲ್ಲ. ಅಕ್ಕನ ಮುಖ ನೋಡಿದ ಮೇಲೆ ನನಗೂ ಅರ್ಥವಾಯಿತು, ಇದೂ ಯಾರಿಗೂ ಕೊಟ್ಟ ಉತ್ತರವಲ್ಲ.

ಅತ್ತೆಗೆ ಅರ್ಥವಾಗಲಿಲ್ಲ. "ನೋಡ್ದ್ಯಾ? ನೀನು ಬಂದಿದ್ದು ಗೊತ್ತಾಗಿದೆ ಅವನಿಗೆ. ದಿನಾ ಇಂಥದ್ದನ್ನೇ ನೋಡೋಳು, ನೀನೇ ಹೇಳು. ನನ್ನ ಮಗನಿಗೆ ಕೇಳಿಸ್ತಿದೆ ತಾನೆ?"

ಸುಳ್ಳು ಹೇಳಲು ಬಾರದ ನಮ್ಮಕ್ಕ, "ಕೇಳಿಸ್ತಿದೆ ಅತ್ತೆ" ಎಂದಳು.

"ಮತ್ತೆ ಯಾಕೆ ಹಾಗೆ ನಿಂತಿದೀಯಾ? ನೀನೂ ಕರಿ."

ನಿನ್ನೆಯವರೆಗೂ ದಿನವೂ ತಾನಾಗಿ ಕರೆಯುತ್ತಿದ್ದವಳು ಕೈಗವಸು ಬಿಚ್ಚುತ್ತ ಹೊತ್ತು ಕಳೆದಳು. ಕೊನೆಗೆ ಬಗ್ಗಿ, "ರೀ" ಎಂದಳು. ಅದೇ ಕ್ಷಣಕ್ಕೆ ಬೆರಳು ಅಲ್ಲಾಡಿತು. ಅತ್ತೆ ಸೊಸೆಯನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತರು. ಅಕ್ಕನೂ ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆಂದು ಅತ್ತೆ ಅವಳ ಬೆನ್ನು ಸವರಿದರು.

ಹೊರಗೆ ಮೆಟ್ಟಿಲ ಬಳಿ ನಾನು ಅವಳ ತೋಳು ಹಿಡಿದೆ. "ಅಕ್ಕಾ, ನೀನು ಕರೆದ ಕೂಡ್ಲೇ ಅಲ್ಲಾಡ್ತಲ್ಲೇ. ಏನಾದ್ರೂ ಇರ್ಬಹುದಲ್ವಾ?"

"ಒಂದೇ ಒಂದು ಕ್ಷಣ ನಂಬಿಬಿಡೋಣ ಅಂತ ಎಷ್ಟು ಒದ್ದಾಡ್ದೆ ಗೊತ್ತೇನೇ? ಆಗ್ಲಿಲ್ಲ. ನಾಳೆ ಸಂಜೆ ಬಂದು ಅವ್ರ ಹತ್ರ ಏನಂತ ಮಾತಾಡ್ಲಿ, ಹೇಳು."