ಕೂಸಿನ ಕಿವಿಗೆ ಸಮುದ್ರ ನೊರೆ

ನಮ್ಮ ಅತ್ತೆಯ ಮನೆಯಲ್ಲಿ ಕೂಸುಗಳ ಔಷಧಿ ಡಬ್ಬಿ ದೇವರ ಗೂಡಿನ ಕೆಳಗೇ ಇರುತ್ತಿತ್ತು. ಮುಸುರೆ ಕೈಯಲ್ಲಿ ಅದನ್ನು ಮುಟ್ಟುವಂತಿರಲಿಲ್ಲ. ಒಳಗೆ ಬಜೆ, ಜಾಯಿಕಾಯಿ, ಅಳಲೆಕಾಯಿ, ಒಂದು ತುಂಡು ಒಣಶುಂಠಿ, ಮತ್ತು ಕಾಗದದ ಪೊಟ್ಟಣದಲ್ಲಿ ಬೆಳ್ಳಗಿನ ಒರಟು ಪುಡಿ. ಆ ಪುಡಿಗೆ ಸಮುದ್ರ ನೊರೆ ಎಂದು ಹೆಸರು. ಕೂಸಿನ ಕಿವಿ ಸೋರಿದರೆ ಅದರ ಒಂದು ಚಿಟಿಕೆ. ಬಜಾರದ ನಾಟಿ ಔಷಧದ ಅಂಗಡಿಯಲ್ಲಿ ಅರೆದೇ ಕೊಡುತ್ತಿದ್ದರು, ಹಾಗಾಗಿ ಅದರ ಮೂಲರೂಪವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಸಮುದ್ರದಲ್ಲಿ ತೆರೆ ಬಡಿದು ಬಡಿದು ನೊರೆ ಏಳುತ್ತದೆ, ಬಿಸಿಲಿಗೆ ಗಟ್ಟಿಯಾಗುತ್ತದೆ, ಅದನ್ನು ಒಡೆದು ಮುಂಬಯಿಗೆ ಕಳಿಸುತ್ತಾರೆ ಎಂದು ನಾನು ನಂಬಿದ್ದೆ. ಅತ್ತೆಯೂ ಹಾಗೇ ನಂಬಿದ್ದರು. ನಮ್ಮದು ಲಿಂಗಪೂಜೆಯ ಮನೆ, ನೊರೆಯಲ್ಲಿ ಮೈಲಿಗೆಯೇನಿದೆ?

ಯುದ್ಧದ ಕಾಲದಲ್ಲಿ ನಾನು ಕಾಖಂಡಕಿಯಿಂದ ವಿಜಾಪುರದ ಜೋರಾಪುರ ಪೇಟೆಗೆ ಸೊಸೆಯಾಗಿ ಬಂದವಳು. ನನಗೆ ಗೊತ್ತಿದ್ದ ನೀರೆಂದರೆ ತವರಿನ ಕಡೆಯ ಡೋಣಿ ಹೊಳೆ, ಇಲ್ಲಿಯ ಭೂತನಾಳ ಕೆರೆ. ಡೋಣಿಯ ನೀರು ಸವಳು. ಬೇಸಿಗೆಯಲ್ಲಿ ಅದರ ದಂಡೆಯ ಮಣ್ಣು ಉಪ್ಪೊಡೆದು ಬೆಳ್ಳಗಾಗುತ್ತಿತ್ತು, ಅಲ್ಲಿ ಬೆಳೆ ಏಳುತ್ತಿರಲಿಲ್ಲ. ಸಮುದ್ರವೆಂದರೆ ಆಚೆ ದಂಡೆ ಕಾಣದ ಇನ್ನೊಂದು ಡೋಣಿ, ಪೂರಾ ಉಪ್ಪು, ಪೂರಾ ಬರಡು ಎಂದುಕೊಂಡಿದ್ದೆ.

ಕುಮಟೆ ಕಡೆಯ ಆಕೆ ನಮ್ಮಲ್ಲಿ ಬಾಡಿಗೆಗೆ ಬಂದ ಮೇಲೆ ಆ ತಿಳಿವಳಿಕೆ ಬದಲಾಯಿತು. ಆಕೆಯ ಗಂಡ ಮಾಮ್ಲೇದಾರ ಕಚೇರಿಯಲ್ಲಿ ಕಾರಕೂನ. ಕುಮಟೆಯ ಸೀಮೆಯೂ ವಿಜಾಪುರವೂ ಆಗ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು, ಅಲ್ಲಿಂದ ಇಲ್ಲಿಗೆ ವರ್ಗವಾಗುವುದು ಹೊಸದೇನಲ್ಲ. ನಮ್ಮ ಪಡಸಾಲೆಯ ಪಕ್ಕದ ಎರಡು ಖೋಲಿ ಅವರಿಗೆ ಬಾಡಿಗೆಗೆ. ಕೀಲಿ ಕೊಡುವಾಗ ಅತ್ತೆ ಒಂದೇ ಮಾತು ಹೇಳಿದ್ದರು.

"ನಿಮ್ಮ ಕಡೆ ಮೀನ ತಿಂತಾರಂತ ಗೊತ್ತೈತಿ ಬಾಯಾರ. ತಿನ್ನೂದು ನಿಮ್ಮ ಪದ್ಧತಿ, ನಾ ಏನೂ ಅನ್ನೂದಿಲ್ಲ. ಈ ಹೊಸ್ತಿಲಾ ದಾಟಿ ಒಳಗ ಮಾತ್ರ ಬರಬಾರದು."

"ಇಲ್ಲ ಅಮ್ಮಾ. ಬರೋದಿಲ್ಲ."

ಬರಲಿಲ್ಲ. ಒಂದು ವರ್ಷದ ಮೇಲಾದರೂ ಆ ಖೋಲಿಯ ಹೊಗೆಯಲ್ಲಿ ಬೇಳೆ, ಕೊತ್ತಂಬರಿ, ಕೊಬ್ಬರಿಯದಲ್ಲದೆ ಬೇರೆ ವಾಸನೆ ಬಂದದ್ದಿಲ್ಲ. ದಿನಾ ಆ ಬಾಗಿಲ ಮುಂದೆ ಹಾದು ಹೋಗುತ್ತಿದ್ದ ನಾನೇ ಇದಕ್ಕೆ ಸಾಕ್ಷಿ. ಇದನ್ನು ಮೊದಲೇ ಬರೆದಿಡುತ್ತೇನೆ, ಏಕೆಂದರೆ ಹೇಳಬೇಕಾದ ದಿನ ನಾನು ಹೇಳಲಿಲ್ಲ.

ಆಕೆ ನನಗಿಂತ ಆರೇಳು ವರ್ಷ ದೊಡ್ಡವಳು. ನಾನು ಅಕ್ಕಾರ ಎನ್ನುತ್ತಿದ್ದೆ, ಆಕೆ ನನ್ನನ್ನು ತಂಗಿ ಎನ್ನುತ್ತಿದ್ದಳು. ಗಂಡಸರು ಹೊರಗೆ ಹೋದ ಮೇಲೆ ಕಟ್ಟೆಯ ಮೇಲೆ ನಾನು ಜೋಳ ಹಸನು ಮಾಡುವುದು, ಆಕೆ ಅಕ್ಕಿ ಆರಿಸುವುದು. ನಾನು ರೊಟ್ಟಿ ಬಡಿಯಲು ಕಲಿಸಿದೆ. ಮೊದಲ ದಿನದ ರೊಟ್ಟಿ ಮೂರು ಕಡೆ ಹರಿದಿತ್ತು.

"ಅಕ್ಕಾರ, ಇದು ರೊಟ್ಟೀನೋ, ನಮ್ಮೂರ ಹೊಲದ ನಕಾಶಾನೋ?"

"ನಕಾಶೆಯೇ ಅಂತ ತಿಳ್ಕೋ ಮಾರಾಯ್ತಿ. ನಿನ್ನ ಪಾಲು ಮುರಕೊಂಡು ತಿನ್ನು."

ಬಾವಿಯ ನೀರು ಬಾಯಿಗೆ ಹಾಕಿದಾಗೆಲ್ಲ ಆಕೆಗೆ ನಗು. "ಕಡಲು ಬಿಟ್ಟು ಇಷ್ಟು ದೂರ ಬಂದೆ, ಉಪ್ಪುನೀರು ಬೆನ್ನು ಬಿಡಲಿಲ್ಲ ನೋಡು."

ಉಪ್ಪಿನಲ್ಲಿ ಏನೂ ಬೆಳೆಯುವುದಿಲ್ಲ ಎಂದು ನಾನು ಡೋಣಿಯ ಮಾತು ತೆಗೆದಾಗ ಆಕೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಅವರೂರು ಸಮುದ್ರಕ್ಕೂ ಹೊಳೆಗೂ ನಡುವೆ. ದಿನಕ್ಕೆ ಎರಡು ಸಲ ಕಡಲು ಹೊಳೆಯೊಳಗೆ ಏರಿ ಬರುತ್ತದಂತೆ, ಎರಡು ಸಲ ಇಳಿಯುತ್ತದಂತೆ. ಇಳಿದಾಗ ಹೆಂಗಸರು ಬುಟ್ಟಿ ಹಿಡಿದು ಕೆಸರಿಗಿಳಿದು ಬಳಚು ಎಂಬ ಚಿಪ್ಪುಗಳನ್ನು ಕಾಲಿನಿಂದಲೇ ತಡವಿ ಹೆಕ್ಕುತ್ತಾರೆ. ದಂಡೆಗುಂಟ ಕಾಂಡ್ಲಾ ಗಿಡಗಳು. ಅವುಗಳ ಬೇರು ಮಣ್ಣೊಳಗೆ ಇಳಿಯುವುದರ ಜೊತೆಗೆ ಬೆರಳಿನ ಹಾಗೆ ಮೇಲಕ್ಕೂ ಏಳುತ್ತವೆ. ಆ ಬೇರುಗಳ ಸಂದಿಯೇ ಮೀನುಮರಿಗಳ ಮನೆ. ದೊಡ್ಡ ಮೀನು ಅಲ್ಲಿ ನುಗ್ಗಲಾರದು, ಅಲೆ ಅಲ್ಲಿ ಬಡಿಯಲಾರದು. "ನಮ್ಮ ತೊಟ್ಟಿಲು ಇದ್ದ ಹಾಗೆ" ಎಂದಳು. ಒಂದು ಜಾತಿಯ ಪುಟ್ಟ ಮೀನು ನೀರಿಳಿದ ಮೇಲೆ ಕೆಸರಿನ ಮೇಲೆ ಜಿಗಿದಾಡುತ್ತದೆ, ಒಂದು ಜಾತಿಯ ಏಡಿ ಒಂದೇ ಕೈ ದೊಡ್ಡದಾಗಿ ಬೀಸಿ ಕರೆಯುತ್ತದೆ.

"ಯಾರ್ನ ಕರೀತೈತ್ರಿ?"

"ಹೆಂಡತಿಯನ್ನ. ನಿನ್ನ ಗಂಡನಿಗೆ ಅಷ್ಟಾದರೂ ಬರ್ತದಾ?"

ನಾನು ನಾಚಿ ಜೋಳದ ಕಡೆಗೆ ಮುಖ ಮಾಡಿದೆ. ಮಳೆಗಾಲದಲ್ಲಿ ಉಪ್ಪುನೀರಿನ ಗದ್ದೆಯಲ್ಲೇ ಕಗ್ಗ ಎಂಬ ಭತ್ತ ಬೆಳೆಯುತ್ತದೆ ಎಂದಾಗ ನಾನು ನಂಬಲಿಲ್ಲ. ನೀರು ಮುಳುಗಿಸಿದರೂ ಸಾಯದೆ ನಿಲ್ಲುತ್ತದಂತೆ. ಮುಂದೆ ಊರಿಂದ ಹಿಡಿಯಷ್ಟು ತರಿಸಿ ತೋರಿಸಿದಳು. ಕೆಂಪು ಅಕ್ಕಿ, ಉದ್ದ ಮೀಸೆಯ ಹೊಟ್ಟು. ಬರಡು ಎಂದುಕೊಂಡದ್ದು ಅಷ್ಟು ತುಂಬಿಕೊಂಡಿದೆ ಎಂದು ತಿಳಿದು ನನಗೆ ಸಂತೋಷವಾಗಿತ್ತು. ಆ ಸಂತೋಷ ಕೊಟ್ಟವಳಿಗೇ ಮುಂದೆ ನಾನು ಅನ್ಯಾಯ ಮಾಡಿದೆ.

ಆ ವರ್ಷ ಮಳೆಗಾಲ ಮುಗಿಯುವಾಗ ನನ್ನ ಎಂಟು ತಿಂಗಳ ಮಗಳ ಕಿವಿ ಸೋರತೊಡಗಿತು. ಕೂಸು ಎಡಗಡೆ ಮಲಗಿಸಿದರೆ ಚೀರುತ್ತಿತ್ತು. ಡಬ್ಬಿಯ ಪೊಟ್ಟಣ ಬರಿದಾಗಿತ್ತು. ಅಂಗಡಿಯವನು, "ಲಡಾಯಿ ಮುಗಿಯೂತನಾ ಮುಂಬಯಿ ಮಾಲು ಕೇಳಬ್ಯಾಡ್ರಿ" ಎಂದು ಕೈಯಾಡಿಸಿದ. ನಾನು ಅಕ್ಕಾರ ಹತ್ತಿರ ಹೋದೆ.

"ನಿಮ್ಮೂರಾಗ ಅಷ್ಟ ದೊಡ್ಡ ಸಮುದ್ರ ಐತಿ. ಒಂದೀಟು ಗಟ್ಟಿ ನೊರಿ ತರಿಸಿ ಕೊಡ್ರಿ."

"ನೊರೆ ಗಟ್ಟಿ ಆಗ್ತದಾ ತಂಗೀ?"

ನಾನು ಬಣ್ಣ ಹೇಳಿದೆ, ಒರಟು ಹೇಳಿದೆ, ನಾಲಿಗೆಗೆ ಉಪ್ಪು ಹತ್ತುವುದು ಹೇಳಿದೆ. ಆಕೆ ನನ್ನ ಮುಖ ನೋಡಿದಳು. ಬಾಯಿಗೆ ಬಂದದ್ದನ್ನು ನುಂಗಿದಂತೆ ಕಂಡಿತು. "ಆಯ್ತು. ಕಾಗದ ಬರೀತೇನೆ" ಎಂದಳು.

ಹದಿನೈದು ದಿನ ಕಳೆಯಿತು. ಮನೆಯ ಹಲವು ಕೆಲಸಗಳ ನಡುವೆ ನಾನು ಕೇಳಿದ್ದನ್ನೇ ಮರೆತೆ. ಮರೆತೆ ಎಂದು ಬರೆಯುವುದು ಸುಲಭ. ಆಗ ನನ್ನ ಮನಸ್ಸಿನಲ್ಲಿ ಬೇರೆ ಏನೋ ಕೂತಿತ್ತು. ಅತ್ತೆ ಆಗಾಗ, "ಬಾಯಾರ ನೆಲಾ ಸಾರಸೂದು ನೋಡಿ ಕಲಿ. ಆಕಿ ಕೂಸಿಲ್ಲದಾಕಿ, ಆದ್ರೂ ನಿನ್ನ ಕೂಸಿನ್ನ ನಿನಗಿಂತ ಚೊಲೊ ಹಿಡೀತಾಳ" ಎನ್ನುತ್ತಿದ್ದರು. ಆ ಮಾತು ನನಗೆ ಮುಳ್ಳಾಗಿತ್ತು.

ಒಂದು ಮುಂಜಾನೆ ಆಕೆ ನೀರಿಗೆ ಹೋಗಿದ್ದಳು. ಖೋಲಿಯ ಕಿಟಕಿ ತೆರೆದಿತ್ತು. ಊರಿಂದ ಬಂದ ಗೋಣಿಗಂಟು ಬಿಚ್ಚಿ ನೆಲದ ಮೇಲೆ ಹರವಿದ್ದಳು: ಅಕ್ಕಿ, ಕೊಬ್ಬರಿ, ಒಂದು ಬಿಳಿ ಅರಿವೆ. ಅರಿವೆಯ ಮೇಲೆ ಅಂಗೈ ಉದ್ದದ, ದೋಣಿಯಾಕಾರದ ನಾಲ್ಕೈದು ಬಿಳಿಯ ತುಂಡು. ಉಪ್ಪಿನ, ಹಸಿ ಹಸಿ ವಾಸನೆ ಮೂಗಿಗೆ ಬಂತು. ಎಲುಬು ಎಂದು ನೋಡಿದೊಡನೆ ತಿಳಿಯಿತು. ಆಕೆ ಬರುವವರೆಗೆ ನಿಂತು ಕೇಳಬಹುದಿತ್ತು. ನಾನು ಸೀದಾ ಅಡಿಗೆಮನೆಗೆ ಹೋದೆ.

"ಅತ್ತೀ, ಬಾಯಾರು ಮೀನಿನ ಎಲುಬ ತರಿಸ್ಯಾರ್ರಿ."

ಅತ್ತೆ ಒಲೆಯ ಮೇಲಿನ ಹಂಚನ್ನೂ ಇಳಿಸದೆ ಎದ್ದರು. ಆಕೆ ಕೊಡ ಹೊತ್ತು ಬಾಗಿಲಿಗೆ ಬಂದದ್ದೂ ಅವರು ಅಲ್ಲಿ ನಿಂತದ್ದೂ ಒಂದೇ ಹೊತ್ತಿಗೆ.

"ಏನ ಅದು, ಅರಿವ್ಯಾಗ?"

ಆಕೆ ಕೊಡ ಇಳಿಸಲಿಲ್ಲ. "ಎಲುಬೇ ಅಮ್ಮಾ. ಸುಳ್ಳು ಹೇಳೋದಿಲ್ಲ. ಅಡಿಗೆಗೆ ತಂದದ್ದಲ್ಲ."

"ಅಡಿಗಿಗೆ ಅಲ್ಲಂದ್ರ ಮತ್ಯಾತಕ? ಪೂಜಾಕ್ಕೇನು?"

ಆಕೆ ನನ್ನ ಕಡೆ ಒಂದು ಸಲ ನೋಡಿದಳು, ಆಮೇಲೆ ನನ್ನ ಸೊಂಟದ ಮೇಲಿದ್ದ ಕೂಸಿನ ಕಡೆ.

"ಮಾತಿಗೆ ತಪ್ಪಿದವರು ಈ ಮನ್ಯಾಗ ಬ್ಯಾಡವಾ" ಎಂದರು ಅತ್ತೆ. ಅವರ ದನಿ ಏರಿರಲಿಲ್ಲ. "ಅಮಾಸಿ ಒಳಗ ಖೋಲಿ ಬಿಡ್ರಿ."

ಊರಲ್ಲಿ ಆಗ ಖೋಲಿ ಸಿಗುತ್ತಿರಲಿಲ್ಲ. ಮೀನಿನ ಮಾತು ಪೇಟೆಯಲ್ಲಿ ಹಬ್ಬಿದ ಮೇಲೆ ಕೇಳಿದಲ್ಲೆಲ್ಲ ಬಾಗಿಲು ಹಾಕಿದರು. ಕೊನೆಗೆ ಕಾರಕೂನರು ಟಿಕೋಟಾದಲ್ಲಿ ಒಂದು ಮನೆ ನೋಡಿದರು. ಅಲ್ಲಿಂದ ದಿನಾ ಬಸ್ಸಿಗೆ ಕಚೇರಿಗೆ ಬರುವುದೆಂದಾಯಿತು.

ಅವರು ಹೊರಟ ದಿನ ಚಕ್ಕಡಿ ಬಾಗಿಲಲ್ಲಿ ನಿಂತಿತ್ತು. ಅತ್ತೆ ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರು. ಆಕೆ ನನ್ನನ್ನು ಖೋಲಿಯೊಳಗೆ ಕರೆದು ಗೋಡೆಯ ಗೂಡಿನಿಂದ ಒಂದು ಸಣ್ಣ ಗಂಟು ತೆಗೆದು ಕೊಟ್ಟಳು.

"ನೀ ಕೇಳಿದ್ದು. ಅರೆದು, ಎರಡು ಸಲ ಅರಿವೆಯಲ್ಲಿ ಸೋಸಿದ್ದೇನೆ. ಒಂದು ತುಂಡು ಇಡಿಯಾಗಿ ಇದೆ, ಸಾಲದಿದ್ದರೆ ಕೆರಕೋ. ಅತ್ತೆಯ ಎದುರು ಅದನ್ನ ಮಾತ್ರ ತೆಗೀಬೇಡ."

ನಾನು ಗಂಟು ಬಿಚ್ಚಿದೆ. ಪುಡಿ ನಮ್ಮ ಡಬ್ಬಿಯದೇ ಪುಡಿ. ಪಕ್ಕದಲ್ಲಿದ್ದ ಬಿಳಿ ತುಂಡನ್ನು ಉಗುರಿನಿಂದ ಕೆರೆದೆ. ಅದೇ ಪುಡಿ ಉದುರಿತು. ಅತ್ತೆಯ ಡಬ್ಬಿಯಲ್ಲಿ, ದೇವರ ಗೂಡಿನ ಕೆಳಗೆ, ಎಷ್ಟೋ ವರ್ಷ ಇದ್ದದ್ದು ಈ ಎಲುಬೇ. ಆ ದಿನ ಆಕೆ ಅದನ್ನು ಹೇಳಿದ್ದರೆ ಖೋಲಿ ಉಳಿಯುತ್ತಿತ್ತು. ಆದರೆ ಹೇಳಿದ ಮೇಲೆ ಅತ್ತೆ ಆ ಪುಡಿಯನ್ನು ಕೂಸಿಗೆ ಮುಟ್ಟಿಸುತ್ತಿರಲಿಲ್ಲ, ಮನೆ ತೊಳೆಸುತ್ತಿದ್ದರು, ಅಷ್ಟು ವರ್ಷದ ಪೂಜೆ ನೆನೆದು ಕೊರಗುತ್ತಿದ್ದರು. ಆಕೆ ಅದನ್ನೆಲ್ಲ ಯೋಚಿಸಿ ಸುಮ್ಮನಿದ್ದಳು.

ಚಕ್ಕಡಿ ಇನ್ನೂ ಬಾಗಿಲಲ್ಲೇ ಇತ್ತು. ಸಾಮಾನು ಏರಿಸುವುದು ಮುಗಿದಿರಲಿಲ್ಲ. ಪಡಸಾಲೆ ಹತ್ತು ಹೆಜ್ಜೆ. ಎಲುಬಿನ ಮಾತು ಬೇಡ, "ನಾನ ತರಿಸಾಕ ಹೇಳಿದ್ದೆ" ಎಂದಿಷ್ಟು ಸಾಕಿತ್ತು. ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತೆ. ಎತ್ತುಗಳ ಗೆಜ್ಜೆ ಓಣಿ ತಿರುಗುವವರೆಗೆ ಹಾಗೇ ನಿಂತಿದ್ದೆ.

ಮರುದಿನ ಅತ್ತೆಗೆ, "ಅಂಗಡ್ಯಾಗ ಸಮುದ್ರ ನೊರಿ ಬಂದಿತ್ರಿ" ಎಂದು ಪುಡಿ ಕೊಟ್ಟೆ. ವಾರದಲ್ಲಿ ಸೋರುವುದು ನಿಂತಿತು. ಅತ್ತೆ ಕೂಸಿನ ಕಿವಿಯ ಹಿಂದೆ ವಿಭೂತಿ ಹಚ್ಚಿ, "ಈ ಸಲದ ನೊರಿ ಭಾಳ ಚೊಲೊ ಐತಿ ನೋಡು, ಹಿಟ್ಟಿನಗತೆ ನುಣ್ಣಗೈತಿ" ಎಂದರು.

ಸಂಕ್ರಾಂತಿ ಕಳೆದ ಮೇಲೆ ಟಿಕೋಟಾದಲ್ಲಿ ನಮ್ಮ ಬಸುರಿಯಾಗಿದ್ದ ಚಿಕ್ಕವ್ವನ ಮಗಳ ಕುಬುಸದ ಕಾರ್ಯ ಬಂತು. ಪೆಟ್ರೋಲು ಸಿಗದ ಆ ಕಾಲದ ಇದ್ದಿಲಿನ ಬಸ್ಸು ಏರುಗಳಲ್ಲಿ ನಿಂತು ನಿಂತು ಹೋಯಿತು; ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಜೋಡಿಸಿಕೊಂಡೆ. ಊಟ ಮುಗಿಸಿ ಕೂಸನ್ನು ಎತ್ತಿಕೊಂಡು ಆಕೆಯ ಮನೆ ಕೇಳುತ್ತ ಹೋದೆ. ಆಕೆ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಮೊದಲು ಕೂಸಿನ ಕಿವಿ ಮಡಚಿ ನೋಡಿದಳು.

"ಒಣಗಿದೆ" ಎಂದಳು. ಅವಳ ಮುಖ ಅರಳಿತು.

ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ನಾನು ಕೇಳದಿದ್ದರೂ ಆ ಪ್ರಾಣಿಯ ವಿಷಯ ಹೇಳಿದಳು, ನನಗೆ ಹೇಸಿಗೆ ಉಳಿಯಬಾರದೆಂದು ಇರಬೇಕು. ಅವರು ಅದಕ್ಕೆ ಕಡಲ ನಾಲಿಗೆ ಎನ್ನುತ್ತಾರಂತೆ. ಹತ್ತು ತೋಳಿನ ಒಂದು ಮೆತ್ತನೆಯ ಜೀವಿ, ಕ್ಷಣಕ್ಕೊಂದು ಬಣ್ಣವಾಗುತ್ತದೆ, ಹೆದರಿದರೆ ಮಸಿ ಉಗುಳಿ ಆ ಮಸಿಯೊಳಗೇ ಮರೆಯಾಗುತ್ತದೆ. ಬೆನ್ನಿನೊಳಗೆ ಈ ಎಲುಬು. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಖೋಲಿಗಳು, ಅವುಗಳ ಗಾಳಿಯ ಬಲದಿಂದಲೇ ಅದು ನೀರಲ್ಲಿ ಮುಳುಗದೆ ನಿಲ್ಲುವುದು.

"ನನ್ನ ಅಪ್ಪ ಕೊಂದು ತೆಗೆದದ್ದಲ್ಲ ತಂಗೀ. ಅದು ತಾನೇ ಸತ್ತು, ಎಲುಬು ತೇಲಿ ದಂಡೆಗೆ ಬರ್ತದೆ. ಅಪ್ಪ ಮುಂಜಾನೆ ಉಸುಕಲ್ಲಿ ನಡೆದು ಹೆಕ್ಕಿದ್ದು."

ಆಗ ನಾನು ಹೇಳಿದೆ. "ಅಕ್ಕಾರ, ಅವತ್ತ ಅತ್ತಿಗೆ ಹೇಳಿದಾಕಿ ನಾನ."

"ಗೊತ್ತು. ಕಿಟಕಿ ತೆರೆದಿಟ್ಟು ಹೋಗಿದ್ದೆನಲ್ಲ." ಅಕ್ಕಿಯಿಂದ ಒಂದು ಹರಳು ತೆಗೆದು ಎಸೆದಳು. "ನಾ ಹೊರಟ ಮೇಲೆ ಅವರಿಗೆ ಹೇಳಿದೆಯಾ? ಎಲುಬಿನ ಮಾತಲ್ಲ. ನೀನೇ ತರಿಸಿದ್ದು ಅಂತ."

"ಇಲ್ಲರಿ."

ಆಕೆಯ ಕೈ ಮೊರದಲ್ಲಿ ನಿಂತಿತು. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. "ಹಾಗಾದರೆ ನನಗೆ ಹೇಳಿ ಎಂತ ಮಾಡ್ತೀ ತಂಗೀ? ನನಗೆ ಮೊದಲೇ ಗೊತ್ತಿತ್ತು" ಎಂದಳು. ಮತ್ತೆ ಅಕ್ಕಿ ಆರಿಸತೊಡಗಿದಳು.

ಬಸ್ಸಿನಲ್ಲಿ ಕೂತು, ಇಳಿದ ಕೂಡಲೇ ಅತ್ತೆಗೆ ಹೇಳುವುದೆಂದು ನಿಶ್ಚಯ ಮಾಡಿದೆ. ಮನೆಗೆ ಬಂದಾಗ ಕಟ್ಟೆಯ ಮೇಲೆ ಓಣಿಯ ಹೆಂಗಸರು ಕೂತಿದ್ದರು. ಖಾಲಿ ಖೋಲಿಗೆ ಹೊಸಬರು ಬರುವ ಮಾತು ನಡೆದಿತ್ತು. ಅತ್ತೆ ಹೇಳುತ್ತಿದ್ದರು: "ಈ ಸಲ ಮೊದ್ಲ ಗಂಟು ಬಿಚ್ಚಿಸಿ ನೋಡಾಕಿ ನಾ. ಮೀನಿನ ಎಲುಬಿನಾಕಿ ಬುದ್ಧಿ ಕಲಿಸಿ ಹೋಗ್ಯಾಳ." ನನ್ನನ್ನು ಕಂಡು, "ನಮ್ಮ ಸೊಸಿ ಕಣ್ಣು ಚುರುಕ, ಇಲ್ಲಂದ್ರ ನನಗ ಗೊತ್ತ ಆಗ್ತಿದ್ದಿಲ್ಲ" ಎಂದು ಎಲ್ಲರೆದುರು ಹೊಗಳಿದರು.

ಸೊಸೆಯಾಗಿ ಬಂದ ಮೇಲೆ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನು ಒಳಗೆ ಹೋಗಿ ಎಲ್ಲರಿಗೂ ಚಹಾಕ್ಕೆ ಇಟ್ಟೆ.

ಕಾರಕೂನರಿಗೆ ಮುಂದೆ ಎಲ್ಲಿಗೋ ವರ್ಗವಾಯಿತು. ಅತ್ತೆ ತೀರಿಕೊಂಡರು, ಕೊನೆಯವರೆಗೂ ಆಕೆ ಅವರ ಬಾಯಲ್ಲಿ ಮೀನಿನ ಎಲುಬಿನಾಕಿಯೇ. ಇಡಿಯಾಗಿ ಉಳಿದ ಆ ಒಂದು ತುಂಡು ನನ್ನ ಟ್ರಂಕಿನ ತಳದಲ್ಲಿದೆ. ಮೊನ್ನೆ ಮಗಳು ಸೀರೆ ಹುಡುಕುವಾಗ ಕೈಗೆ ಸಿಕ್ಕಿ, "ಏನಬೇ ಇದು?" ಎಂದು ಕೇಳಿದಳು. ಅವಳಿಗೂ ನಾನು ಸಮುದ್ರ ನೊರೆ ಎಂದೇ ಹೇಳಿದೆ.